ಹಳೆಯ ನೆನಪಿಗೆ ಹೊಸ ಸೇತುವೆ

ಗಣಕಯಂತ್ರವು ತಾನು ಮಾಡಬೇಕಾದ ಕಾರ್ಯವನ್ನು ತಾನೇ ಊಹಿಸಲಾರದು. ಅದಕ್ಕೆ ಬೇಕಾದ ಆಜ್ಞೆಗಳನ್ನು ನೆನಪಿನ ಚಿಪ್‌ನಲ್ಲಿ ಬರೆದಿರಬೇಕು. 1971ರಲ್ಲಿ ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಎಂಬ ವಿಜ್ಞಾನಿಯು, ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾದ ‘ಈಪ್ರಾಮ್’ ಎಂಬ ಚಿಪ್ಪನ್ನು ರೂಪಿಸಿದನು. ವಿದ್ಯುತ್ತು ನಿಂತರೂ ಅದರ ಬರಹ ಉಳಿಯುತ್ತದೆ. ಅದರ ಬೆನ್ನಿನ ಮೇಲಿರುವ ಪುಟ್ಟ ಕ್ವಾರ್ಟ್ಸ್ ಕಿಟಕಿಯ ಮೂಲಕ ನೇರಳಾತೀತ ಕಿರಣಗಳನ್ನು ಹಾಯಿಸಿ ಅದನ್ನು ಅಳಿಸುತ್ತಾರೆ.

ಇಲ್ಲಿ ಬರಹವೆಂದರೆ ಮಸಿಯ ಗುರುತಲ್ಲ. ನಿರೋಧಕ ಪದರಗಳ ನಡುವೆ ಸೆರೆಯಾದ ವಿದ್ಯುದಾವೇಶ. ದಶಕಗಳು ಕಳೆದಂತೆ ಈ ಆವೇಶವು ಮೆಲ್ಲನೆ ಸೋರಿಹೋಗಬಹುದು. ಆಗ ಹಳೆಯ ಯಂತ್ರವು ಕಲಿತ ಪಾಠವನ್ನು ಮರೆತು ನಿಷ್ಪ್ರಯೋಜಕವಾಗುತ್ತದೆ. ಆದುದರಿಂದ ಬರಹ ಮಾಸುವ ಮುನ್ನವೇ ಅದನ್ನು ಓದಿ ಪ್ರತಿ ತೆಗೆದಿಡಬೇಕು. ಮಾಸಿದ್ದರೆ ಆ ಪ್ರತಿಯಿಂದ ಮತ್ತೆ ಬರೆಯಬೇಕು.

ಈ ಕೆಲಸ ತೋರುವಷ್ಟು ಸುಲಭವಲ್ಲ. ಇಂಟೆಲ್ ಸಂಸ್ಥೆಯು ‘2716’ ಎಂಬ ಚಿಪ್ಪನ್ನು ತಯಾರಿಸಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ‘ಟಿಎಂಎಸ್ 2716’ ಎಂಬುದನ್ನು ತಯಾರಿಸಿತು. ಎರಡಕ್ಕೂ 24 ಪಿನ್ನುಗಳು; ಎರಡರಲ್ಲಿಯೂ 2048 ಬೈಟುಗಳ ಸ್ಥಳ. ಹೆಸರು ಒಂದೇ ಆದರೂ ಸ್ವಭಾವ ಬೇರೆ. ಓದುವಾಗ ಮೊದಲನೆಯದಕ್ಕೆ 5 ವೋಲ್ಟ್ ಒಂದೇ ಸಾಕು. ಎರಡನೆಯದಕ್ಕೆ 5 ಮತ್ತು 12 ವೋಲ್ಟ್‌ಗಳ ಜೊತೆಗೆ ಋಣ 5 ವೋಲ್ಟ್ ಕೂಡ ಬೇಕು. ಅದರ 19ನೆಯ ಪಿನ್ನಿಗೆ 12 ವೋಲ್ಟ್ ಕೊಡಬೇಕು. ಇಂಟೆಲ್ ಚಿಪ್‌ನಲ್ಲಿ ಅದೇ ಪಿನ್ನು ಬರಹದ ವಿಳಾಸವನ್ನು ಸೂಚಿಸುವ ಸೂಕ್ಷ್ಮ ತಂತಿ. ಹೆಸರನ್ನು ನಂಬಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಿದರೆ ಚಿಪ್ ಸುಟ್ಟುಹೋಗಬಹುದು.

ಈಚಿನ ಅನೇಕ ಬರೆಯುವ ಉಪಕರಣಗಳು ಋಣ ವೋಲ್ಟನ್ನು ಕೊಡಲಾರವು. ಇಂಟೆಲ್ 2716ರಲ್ಲಿ ಬರೆಯಲು ಬೇಕಾದ 25 ವೋಲ್ಟನ್ನೂ ಹಲವು ಕೊಡಲಾರವು. ಈ ಕೊರತೆಯನ್ನು ನೀಗುವ ಸಾಧನವೇ ಅಡಾಪ್ಟರ್. ಅದು ಒಂದು ಚಿಕ್ಕ ಹಲಗೆ. ಅದರ ಕೆಳಗಿನ ಪಿನ್ನುಗಳು ಹೊಸ ಉಪಕರಣದಲ್ಲಿ ಕೂರುತ್ತವೆ. ಮೇಲಿನ ಸಾಕೆಟ್ಟಿನಲ್ಲಿ ಹಳೆಯ ಚಿಪ್ ಕೂರುತ್ತದೆ. ನಡುವಣ ತಂತಿಗಳು ಪ್ರತಿಯೊಂದು ಸಂಕೇತವನ್ನೂ ತಕ್ಕ ಪಿನ್ನಿಗೆ ಒಯ್ಯುತ್ತವೆ. ಉಪಕರಣದಲ್ಲಿಲ್ಲದ ವೋಲ್ಟ್‌ಗಳು ಬೇರೊಂದು ಮೂಲದಿಂದ ಬರುತ್ತವೆ.

ಅಡಾಪ್ಟರನ್ನು ನಿರ್ಮಿಸುವವನು ಮೊದಲು ತಯಾರಕರ ಮಾಹಿತಿಪತ್ರಗಳನ್ನು ಓದಿ, ಪಿನ್ನುಗಳ ಪಟ್ಟಿಗಳನ್ನು ಎದುರುಬದುರು ಬರೆದುಕೊಳ್ಳುತ್ತಾನೆ. ಬೆಸುಗೆ ಮುಗಿದ ಕೂಡಲೇ ಅವನು ಚಿಪ್ಪನ್ನು ಕೂರಿಸುವುದಿಲ್ಲ. ಬರಿದಾದ ಸಾಕೆಟ್ಟಿನ ಒಂದೊಂದು ಪಿನ್ನನ್ನೂ ಮೀಟರಿನಿಂದ ಅಳೆಯುತ್ತಾನೆ. ಮೂರು ವೋಲ್ಟ್‌ಗಳ ಚಿಪ್ ಆದರೆ, ಋಣ 5 ವೋಲ್ಟ್ ಮೊದಲು ಬಂದು ಕಡೆಗೆ ಹೋಗುವಂತೆ ನೋಡಿಕೊಳ್ಳುತ್ತಾನೆ.

ಇಷ್ಟು ಎಚ್ಚರಿಕೆ ಏಕೆ? ಅಡಾಪ್ಟರು ಕೆಟ್ಟರೆ ಇನ್ನೊಂದನ್ನು ಮಾಡಬಹುದು. ಬೇರೆ ಪ್ರತಿಯಿಲ್ಲದ ಚಿಪ್ ಸುಟ್ಟರೆ, ಯಾರೋ ಬಹುದಿನ ಯೋಚಿಸಿ ಬರೆದ ಆಜ್ಞೆಗಳು ಮತ್ತೆ ದೊರೆಯಲಾರವು. ಹಳೆಯದನ್ನು ಉಳಿಸಲು ಅದರ ಮೇಲಿನ ಪ್ರೀತಿಯೊಂದೇ ಸಾಲದು. ಅದರ ಸ್ವಭಾವದ ಅರಿವೂ ಬೇಕು.