ರಾತ್ರಿ ವೇಳೆ ನಾಯಿ ಬೊಗಳುವಿಕೆ: ದೂರು ಬಂದಾಗ ಪರಿಶೀಲಿಸಬೇಕಾದ ಅಂಶಗಳು

ಇರುಳೆಲ್ಲ ನಾಯಿ ಬೊಗಳುತ್ತದೆಂಬ ದೂರು ಗ್ರಾಮಸಭೆಯಲ್ಲಿ ನಗೆಗೆ ಕಾರಣವಾಗುವುದುಂಟು. ಬಾಣಂತಿ, ರೋಗಿ, ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯವರಿಗೆ ಅದು ನಗೆಯ ವಿಷಯವಲ್ಲ. ದೂರಿಗೆ ಯಾರೂ ಕಿವಿಗೊಡದಿದ್ದಲ್ಲಿ ಒಂದು ದಿನ ಯಾರೋ ವಿಷ ಬೆರೆಸಿದ ಅನ್ನ ಇಡುತ್ತಾರೆ. ಇದು ಭಾರತೀಯ ನ್ಯಾಯ ಸಂಹಿತೆಯ 325ನೇ ಪ್ರಕರಣದನ್ವಯ ಐದು ವರ್ಷಗಳವರೆಗೆ ಕಾರಾವಾಸಕ್ಕೆ ಗುರಿಪಡಿಸಬಹುದಾದ ಅಪರಾಧ. ಆ ಅನ್ನವನ್ನು ದನವೂ ತಿನ್ನಬಹುದು. ಆದ್ದರಿಂದ ದೂರು ಬಂದ ಕೂಡಲೇ ಸದಸ್ಯರು ಕಾರಣವನ್ನು ಹುಡುಕತಕ್ಕದ್ದು. ಹಗಲಿನ ಸ್ಥಳ ಪರಿಶೀಲನೆಯಿಂದ ಹೆಚ್ಚೇನೂ ತಿಳಿಯದು; ಒಂದೆರಡು ರಾತ್ರಿ ಯಾವ ವೇಳೆಗೆ, ಯಾವುದನ್ನು ಕಂಡು ಬೊಗಳುತ್ತದೆಂದು ಗುರುತಿಸಿಕೊಳ್ಳಬೇಕು.

ಸಾಕುನಾಯಿಯಾಗಿದ್ದಲ್ಲಿ ಮೊದಲು ನೋಡಬೇಕಾದದ್ದು ಸರಪಳಿ. ಅಡಿಕೆ ಒಣಗಿಸುವ ಅಂಗಳದಲ್ಲೋ ಕೊಟ್ಟಿಗೆಯ ಬಾಗಿಲಲ್ಲೋ ಹಗಲಿರುಳು ಕಟ್ಟಿಹಾಕಿದ ನಾಯಿ ಹಾದುಹೋಗುವ ಪ್ರತಿ ಬೈಕಿಗೂ ಬೊಗಳುತ್ತದೆ. ಹತ್ತಿರ ಹೋಗಿ ಮೂಸಿ ನೋಡಲೂ ಆಗದ, ದೂರ ಸರಿಯಲೂ ಆಗದ ಪ್ರಾಣಿಗೆ ಬೇರೆ ದಾರಿಯಿಲ್ಲ. ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹುಕಾಲ ಕಟ್ಟುವುದು, ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದಿರುವುದು, ಇವೆರಡೂ ಪ್ರಾಣಿ ಹಿಂಸೆ ತಡೆ ಅಧಿನಿಯಮ 1960ರ 11ನೇ ಪ್ರಕರಣದ ಪ್ರಕಾರ ಕ್ರೌರ್ಯವೇ. ಹಾಗೆಂದು ಮೊದಲ ದಿನವೇ ನೋಟಿಸು ನೀಡುವುದಕ್ಕಿಂತ ಮಾಲೀಕರ ಜಗಲಿಯಲ್ಲಿ ಕುಳಿತು ಹೇಳುವುದು ಮೇಲು. ಸಂಜೆ ಓಡಾಟ, ಹೊಟ್ಟೆತುಂಬ ಊಟ, ನೀರು, ರಸ್ತೆ ಕಾಣದಂತೆ ತಟ್ಟಿಯ ಮರೆ, ಮನೆಯವರ ಸಮೀಪದಲ್ಲಿ ಮಲಗುವ ಜಾಗ: ಇಷ್ಟರಿಂದಲೇ ಅನೇಕ ನಾಯಿಗಳು ಶಾಂತವಾಗುತ್ತವೆ. ಹೊಡೆದರೆ ಅಂಜಿಕೆ ಹೆಚ್ಚಿ ಬೊಗಳುವಿಕೆಯೂ ಹೆಚ್ಚಬಹುದು. ಸುಮ್ಮನಾದ ಕ್ಷಣದಲ್ಲಿ ಒಂದು ತುಂಡು ರೊಟ್ಟಿ ಕೊಟ್ಟು ಅಭ್ಯಾಸ ಮಾಡಿಸಬಹುದು. ಮುದಿ ನಾಯಿ ಹೊಸದಾಗಿ ರಾತ್ರಿ ಅರಚತೊಡಗಿದರೆ ನೋವಿರಬಹುದು, ಪಶುವೈದ್ಯರಿಗೆ ತೋರಿಸಬೇಕು.

ಬೀದಿನಾಯಿಗಳ ಗದ್ದಲಕ್ಕೆ ಮುಖ್ಯ ಕಾರಣಗಳೆಂದರೆ ಬಯಲಲ್ಲಿ ಸುರಿದ ಮಾಂಸದಂಗಡಿಯ ತ್ಯಾಜ್ಯ ಮತ್ತು ಬೆದೆಯ ಕಾಲ. ಮೊದಲನೆಯದು ಪಂಚಾಯಿತಿಯ ಕೈಯಲ್ಲೇ ಇದೆ. ಎರಡನೆಯದಕ್ಕೆ ಪ್ರಾಣಿ ಜನನ ನಿಯಂತ್ರಣ ನಿಯಮಗಳು 2023ರಂತೆ ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ರೇಬಿಸ್ ಲಸಿಕೆಯೇ ಮಾರ್ಗ. ನಾಯಿಗಳನ್ನು ಹಿಡಿದು ಪಕ್ಕದ ಊರಿನ ಗಡಿಯಲ್ಲಿ ಬಿಟ್ಟುಬರುವ ರೂಢಿ ಆ ಊರಿಗೂ ನ್ಯಾಯವಲ್ಲ. ತೆರವಾದ ಜಾಗಕ್ಕೆ ಹೊಸ ನಾಯಿಗಳು ಬಂದು ಜಗಳ ಮತ್ತೆ ಮೊದಲಾಗುತ್ತದೆ.

ನಾಯಿಯ ಧ್ವನಿ ಇದ್ದಕ್ಕಿದ್ದಂತೆ ಒಡೆದು, ಜೊಲ್ಲು ಸುರಿಯುತ್ತಿದ್ದು, ದವಡೆ ಜೋತುಬಿದ್ದಿದ್ದರೆ ರೇಬಿಸ್ ಶಂಕಿಸಿ, ಯಾರೂ ಹತ್ತಿರ ಸುಳಿಯದಂತೆ ನೋಡಿಕೊಂಡು ಕೂಡಲೇ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು. ಕಚ್ಚಿಸಿಕೊಂಡವರ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಸಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.