ಹೆಸರಿಗೆ ಬಟಾಣಿ, ತಿನ್ನಲು ಅಲ್ಲ: ಸ್ವೀಟ್ ಪೀ

ಚಳಿಗಾಲದಲ್ಲಿ ಮನೆಯಂಗಳದ ಬೇಲಿಯ ಮೇಲೆ ಬಿಳಿ, ಗುಲಾಬಿ, ನೇರಳೆ ಹೂ ಬಿಟ್ಟು ಘಮಘಮಿಸುವ ಬಳ್ಳಿ ಸ್ವೀಟ್ ಪೀ. ಹೆಸರನ್ನು ಕೇಳಿದ ರೈತ ಬಾಂಧವರು, "ಇದು ಸಿಹಿ ಬಟಾಣಿಯೇ? ಕಾಯಿ ತಿನ್ನಬಹುದೇ?" ಎಂದು ಪ್ರಶ್ನಿಸುವುದುಂಟು. ಖಂಡಿತ ತಿನ್ನಬಾರದು. ಹೆಸರಿನ ಅರ್ಥ ತಿಳಿದರೆ ಈ ತಪ್ಪಿಗೆ ಎಡೆಯಿಲ್ಲ.

ಹೆಸರಿನ ಅರ್ಥ

ಇಂಗ್ಲಿಷಿನ 'ಸ್ವೀಟ್' ಎಂಬ ಮಾತು ರುಚಿಗೂ ಸಲ್ಲುತ್ತದೆ, ಪರಿಮಳಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ನಾಲಿಗೆಗೆ ಸಿಹಿ, ಮೂಗಿಗೆ ಕಂಪು. ಇಲ್ಲಿರುವುದು ಕಂಪು ಮಾತ್ರ. ಲಿನೇಯಸ್ 1753ರಲ್ಲಿ ಬಳಸಿದ ಶಾಸ್ತ್ರೀಯ ಹೆಸರು 'ಲ್ಯಾಥಿರಸ್ ಒಡೊರೇಟಸ್'. ಮೊದಲ ಪದ ಪ್ರಾಚೀನ ಗ್ರೀಕರು ಒಂದು ದ್ವಿದಳ ಕಾಳಿಗೆ ಹೇಳುತ್ತಿದ್ದ ಹೆಸರಿನಿಂದ ಬಂದದ್ದು. ಎರಡನೆಯದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಪರಿಮಳವುಳ್ಳ' ಎಂದರ್ಥ. ನಾವು ತಿನ್ನುವ ಬಟಾಣಿ 'ಪೈಸಮ್ ಸಟೈವಮ್' ಎಂಬ ಬೇರೆ ಸಸ್ಯ.

ಸ್ವೀಟ್ ಪೀ ಬಳ್ಳಿಯ ತವರು ಸಿಸಿಲಿ ಮತ್ತು ದಕ್ಷಿಣ ಇಟಲಿ. ಸಿಸಿಲಿಯ ಸನ್ಯಾಸಿ ಫ್ರಾನ್ಸೆಸ್ಕೊ ಕುಪಾನಿ 1699ರಲ್ಲಿ ಬೀಜವನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿಂದ ಅದು ತೋಟದ ಹೂವಾಗಿ ಹರಡಿತು.

ಬೀಜದಲ್ಲಿನ ವಿಷ

ಇದರ ಬೀಜದಲ್ಲಿರುವ ವಿಷವಸ್ತು ಮೂಳೆ ಮತ್ತು ರಕ್ತನಾಳಗಳಿಗೆ ಬಲ ಕೊಡುವ ಕೊಲಾಜೆನ್ ನಾರನ್ನು ದುರ್ಬಲಗೊಳಿಸುತ್ತದೆ. ಈ ಬೀಜ ಬೆರೆತ ಆಹಾರ ತಿನ್ನಿಸಿದ ಇಲಿಗಳ ಮೂಳೆ ಸೊಟ್ಟಗಾದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಇದೇ ಕುಲದ ಕೇಸರಿ ಬೇಳೆಯಲ್ಲಿರುವುದು ಬೇರೆ ವಿಷ. ಅದನ್ನೇ ಮುಖ್ಯ ಆಹಾರವಾಗಿ ತಿಂಗಳುಗಟ್ಟಲೆ ತಿಂದವರಿಗೆ ಕಾಲುಗಳ ಸ್ವಾಧೀನ ತಪ್ಪಿದ್ದುಂಟು.

ಗುರುತಿಸುವ ಬಗೆ

1. ಸ್ವೀಟ್ ಪೀ ಕಾಂಡದ ಎರಡು ಬದಿಗೂ ರೆಕ್ಕೆಯಂಥ ಅಂಚಿರುತ್ತದೆ, ಬಟಾಣಿಗೆ ಇರುವುದಿಲ್ಲ.
2. ಸ್ವೀಟ್ ಪೀ ಎಲೆಯಲ್ಲಿ ಒಂದೇ ಜೊತೆ ಕಿರುಎಲೆ. ಬಟಾಣಿಯಲ್ಲಿ ಸಾಮಾನ್ಯವಾಗಿ ಎರಡು, ಮೂರು ಜೊತೆ.
3. ಸ್ವೀಟ್ ಪೀ ಕಾಯಿಯ ಮೇಲೆ ಸಣ್ಣ ರೋಮಗಳಿರುತ್ತವೆ. ಬಟಾಣಿ ಕಾಯಿ ನುಣುಪು.

ಬೆಳೆಸುವ ಕ್ರಮ

ನಮ್ಮ ಬಯಲುಸೀಮೆಯಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳು ಬಿತ್ತನೆಗೆ ಸೂಕ್ತ. ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ, ಕೊಟ್ಟಿಗೆ ಗೊಬ್ಬರ ಬೆರೆಸಿದ, ನೀರು ನಿಲ್ಲದ ಮಣ್ಣಿನಲ್ಲಿ ಒಂದು ಅಂಗುಲ ಆಳಕ್ಕೆ ಊರಬೇಕು. ಬಳ್ಳಿ ಹಬ್ಬಲು ಆರು ಅಡಿ ಎತ್ತರದ ಆಸರೆ ಕೊಡಬೇಕು. ಬಾಡಿದ ಹೂಗಳನ್ನು ಕಾಯಿ ಕಟ್ಟುವ ಮೊದಲೇ ಚಿವುಟಿದರೆ ಹೆಚ್ಚು ದಿನ ಹೂ ಸಿಗುತ್ತದೆ. ಮಕ್ಕಳ ಕೈಗೆ ಕಾಯಿ ಸಿಗುವ ಭಯವೂ ಇರುವುದಿಲ್ಲ.

ಎಚ್ಚರಿಕೆ

ತರಕಾರಿ ಬಟಾಣಿಯ ಪಕ್ಕದಲ್ಲಿ ಇದನ್ನು ಬಿತ್ತಬೇಡಿ. ಉಳಿದ ಬೀಜಕ್ಕೆ ಚೀಟಿ ಅಂಟಿಸಿ, ಅಡುಗೆಮನೆಯಿಂದ ದೂರವಿಡಿ. ದನಕ್ಕಾಗಲಿ ಕೋಳಿಗಾಗಲಿ ಹಾಕಬೇಡಿ. 'ಕಂಪಿನ ಹೂಬಳ್ಳಿ' ಎಂದು ಮಕ್ಕಳಿಗೆ ಹೇಳಿಕೊಟ್ಟರೆ, ಹೆಸರಿನಿಂದ ಮೋಸಹೋಗುವುದು ತಪ್ಪುತ್ತದೆ.