ದೂರದರ್ಶನದ ಮನೆಗೆ ಬೀಗ

ಅಹಮದಾಬಾದು, ಬರೋಡಾ, ಸೂರತ್ತುಗಳಲ್ಲಿ ದುಡಿಯುವ ನಾವು ಸಂಜೆ ಕೋಣೆಗೆ ಮರಳಿದ ಕೂಡಲೇ ಮಾಡುವ ಮೊದಲ ಕೆಲಸವೇನು? ಊರಿನ ಸುದ್ದಿ ನೋಡುವುದು. ಮಳೆ ಬಂತೇ, ಭೀಮೆ ತುಂಬಿತೇ, ತೊಗರಿಯ ಧಾರಣೆ ಏನಾಯಿತು ಎಂದು ತಿಳಿಯುವ ಆತುರ ನಮಗೆ. ಕನ್ನಡ ವಾಹಿನಿ ಹೇಳಿದುದನ್ನು ನಾವು ನಂಬುತ್ತೇವೆ. ಆ ನಂಬಿಕೆಯನ್ನೇ ಕದಿಯುವ ಕಳ್ಳರು ಈಗ ಇದ್ದಾರೆ. ಅವರು ಒಳಗೆ ನುಗ್ಗುವ ಬಗೆ ಯಾವುದು, ತಡೆಯುವ ಬಗೆ ಯಾವುದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ನಾವು ವಾಸಿಸುವ ಈ ನಾಡಿಗೂ ಕನ್ನಡ ದೂರದರ್ಶನಕ್ಕೂ ಹಳೆಯ ನಂಟಿದೆ. ೧೯೭೫ರ ಆಗಸ್ಟ್ ೧ರಂದು 'ಸೈಟ್' ಎಂಬ ಉಪಗ್ರಹ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಅದಕ್ಕೆ ಸೇರಿದ್ದುವು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಇದ್ದುವು. ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿದ ಕಾರ್ಯಕ್ರಮವನ್ನು ಅಮೆರಿಕದ ಎ.ಟಿ.ಎಸ್.-೬ ಉಪಗ್ರಹ ಕೆಳಕ್ಕೆ ಕಳುಹಿಸುತ್ತಿತ್ತು. ಹಳ್ಳಿಯಲ್ಲಿ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಹತ್ತಡಿಯ ತಟ್ಟೆ ಅದನ್ನು ಹಿಡಿಯುತ್ತಿತ್ತು. ಪ್ರಯೋಗವು ಒಂದು ವರ್ಷ ನಡೆಯಿತು. ಕನ್ನಡದ ಹಳ್ಳಿಗನು ಕಂಡ ಚಿತ್ರವು ನಾವು ಅನ್ನ ತಿನ್ನುತ್ತಿರುವ ಈ ಊರಿನಿಂದ ಹೋಯಿತೆಂಬುದು ನೆನೆಯತಕ್ಕ ಸಂಗತಿ.

ಉಪಗ್ರಹವನ್ನು ಆಕಾಶದಲ್ಲಿಟ್ಟ ಕನ್ನಡಿಯೆಂದು ತಿಳಿಯಿರಿ. ಕೆಳಗಿನಿಂದ ಯಾರ ಬೆಳಕು ಬಲವಾಗಿ ಬಿದ್ದರೂ ಕನ್ನಡಿ ಅದನ್ನೇ ತೋರಿಸುತ್ತದೆ. ಬೆಳಕು ಯಾರದೆಂದು ಅದು ಕೇಳುವುದಿಲ್ಲ. ೧೯೮೬ರ ಏಪ್ರಿಲ್ ೨೭ರಂದು ಅಮೆರಿಕದ ಫ್ಲಾರಿಡಾದಲ್ಲಿ ಇದು ರುಜುವಾತಾಯಿತು. ತಟ್ಟೆಗಳ ವ್ಯಾಪಾರಿಯೊಬ್ಬ, ಎಚ್.ಬಿ.ಓ. ವಾಹಿನಿಯ ದರ ಹೆಚ್ಚಾಯಿತೆಂಬ ಸಿಟ್ಟಿನಿಂದ, ತನ್ನ ಕೈಕೆಳಗಿದ್ದ ಕೇಂದ್ರದಿಂದ ಬಲವಾದ ಸಂಕೇತ ಹರಿಸಿ, ನಾಲ್ಕು ನಿಮಿಷಗಳಿಗಿಂತ ಹೆಚ್ಚು ಕಾಲ ತನ್ನ ದೂರನ್ನೇ ಪರದೆಯ ಮೇಲೆ ಮೂಡಿಸಿದ. ಮುಂದೆ ಸಿಕ್ಕಿಬಿದ್ದು ದಂಡ ತೆತ್ತ.

ಅಂದು ಇಂಥ ಕೆಲಸಕ್ಕೆ ದೊಡ್ಡ ಯಂತ್ರ ಬೇಕಾಗಿತ್ತು. ಇಂದು ವರದಿ, ಚಿತ್ರ, ಜಾಹೀರಾತು, ಪ್ರಸಾರದ ವೇಳಾಪಟ್ಟಿ ಎಲ್ಲವೂ ಕಂಪ್ಯೂಟರಿನಲ್ಲಿವೆ. ಕಂಪ್ಯೂಟರುಗಳು ಒಂದಕ್ಕೊಂದು ಜೋಡಣೆಯಾಗಿವೆ. ಒಂದು ಬಾಗಿಲು ತೆರೆದರೆ ಇಡೀ ಮನೆ ತೆರೆದಂತೆ. ೨೦೧೫ರ ಏಪ್ರಿಲ್ ೮ರ ರಾತ್ರಿ ಫ್ರಾನ್ಸಿನ ಟಿ.ವಿ.೫ ಮೋಂಡ್ ಸಂಸ್ಥೆಯ ವಾಹಿನಿಗಳೆಲ್ಲ ಕಪ್ಪಾದುವು. ಕಳ್ಳರು ಜನವರಿಯಲ್ಲಿಯೇ ಒಳನುಗ್ಗಿ, ಪ್ರಸಾರದ ಯಂತ್ರಗಳನ್ನು ಅಭ್ಯಾಸ ಮಾಡಿಕೊಂಡಿದ್ದರು. ಅದೇ ದಿನ ಹೊಸ ವಾಹಿನಿಯೊಂದು ಆರಂಭವಾಗಿದ್ದುದರಿಂದ ತಂತ್ರಜ್ಞರು ಇನ್ನೂ ಕಚೇರಿಯಲ್ಲಿದ್ದರು. ಅವರಲ್ಲೊಬ್ಬರು ಕೆಟ್ಟ ಯಂತ್ರವನ್ನು ಪತ್ತೆಹಚ್ಚಿ ಜಾಲದಿಂದ ಬಿಡಿಸಿದರು. ಸಂಸ್ಥೆ ಉಳಿದುದು ಸಮಯಕ್ಕೆ ಅಲ್ಲಿದ್ದ ಒಬ್ಬ ಕೆಲಸಗಾರನಿಂದ.

ಮರುದಿನ ಮತ್ತೊಂದು ಫ್ರೆಂಚ್ ವಾಹಿನಿಯು ಇದೇ ಸಂಸ್ಥೆಯ ಪತ್ರಕರ್ತರೊಬ್ಬರನ್ನು ಮಾತನಾಡಿಸಿತು. ಅವರ ಬೆನ್ನ ಹಿಂದೆ ಚೀಟಿಗಳಲ್ಲಿ ಬರೆದು ಅಂಟಿಸಿದ್ದ ಗುಪ್ತಪದಗಳು ನೋಡುಗರಿಗೆಲ್ಲ ಕಂಡುವು. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಲ್ಲಿ ಅನೇಕರ ಮೇಜಿನ ಮೇಲೂ ಇಂಥ ಚೀಟಿ ಇಲ್ಲವೇ?

ಒಂದು ಸಣ್ಣ ಎಚ್ಚರಗೇಡಿನಿಂದ ಎಷ್ಟು ಹಾನಿಯಾದೀತು? ೨೦೧೩ರ ಏಪ್ರಿಲ್ ೨೩ರಂದು ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಯನ್ನು ಕಳ್ಳರು ವಶಪಡಿಸಿಕೊಂಡರು. ಅದಕ್ಕೆ ಮೊದಲು ಅಲ್ಲಿನ ನೌಕರರಿಗೆ ಮೋಸದ ಈ-ಪತ್ರ ಬಂದಿತ್ತು. ಶ್ವೇತಭವನದಲ್ಲಿ ಸ್ಫೋಟವಾಯಿತೆಂದು ಕಳ್ಳರು ಸುಳ್ಳು ಹರಡಿದ ಕೆಲವೇ ನಿಮಿಷಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಮತ್ತೆ ಎದ್ದಿತು. ನಮ್ಮ ದೇಶದಲ್ಲಿಯೂ ೨೦೨೪ರ ಸೆಪ್ಟೆಂಬರ್ ೨೦ರಂದು ಸುಪ್ರೀಂ ಕೋರ್ಟಿನ ಯೂಟ್ಯೂಬ್ ವಾಹಿನಿಯು ಕಳ್ಳರ ಕೈಸೇರಿ, ನ್ಯಾಯಾಲಯದ ಕಲಾಪದ ಬದಲು ಕ್ರಿಪ್ಟೋ ನಾಣ್ಯದ ಪ್ರಚಾರ ಕಾಣಿಸಿತು.

ಹಾಗಾದರೆ ವಾಹಿನಿಯವರು ಮಾಡತಕ್ಕದ್ದೇನು? ಪ್ರಸಾರದ ಯಂತ್ರಗಳನ್ನು ಕಚೇರಿಯ ಈ-ಪತ್ರದ ಜಾಲದಿಂದ ಬೇರ್ಪಡಿಸಬೇಕು. ಗುಪ್ತಪದದ ಜೊತೆಗೆ ಎರಡನೆಯ ಬೀಗವನ್ನೂ ಹಾಕಬೇಕು. ಕೆಲಸ ಬಿಟ್ಟುಹೋದವರಿಂದಲೂ ಹೊರಗಿನ ಗುತ್ತಿಗೆದಾರರಿಂದಲೂ ಕೀಲಿಕೈ ಹಿಂತೆಗೆದುಕೊಳ್ಳಬೇಕು. ಕಡತಗಳ ಪ್ರತಿಯನ್ನು ಜಾಲಕ್ಕೆ ಸೇರದ ಕಡೆ ಇಡಬೇಕು. ಇಂಥ ದಾಳಿ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು 'ಸರ್ಟ್-ಇನ್' ಎಂಬ ಸರಕಾರಿ ಸಂಸ್ಥೆ ೨೦೨೨ರ ಏಪ್ರಿಲಿನಲ್ಲಿ ಆಜ್ಞೆ ಹೊರಡಿಸಿದೆ.

ಆದರೆ ಕಳ್ಳನು ಈಗ ವಾಹಿನಿಯ ಮನೆಗೆ ನುಗ್ಗದೆಯೂ ಮೋಸ ಮಾಡಬಲ್ಲ. ಸುದ್ದಿ ಓದುವವರ ಮುಖ, ಧ್ವನಿ, ವಾಹಿನಿಯ ಲಾಂಛನ ಇಷ್ಟನ್ನೂ ಕಂಪ್ಯೂಟರಿನಿಂದ ನಕಲು ಮಾಡಿ, 'ಇಷ್ಟು ಹಣ ಹಾಕಿದರೆ ತಿಂಗಳಲ್ಲಿ ಇಮ್ಮಡಿ' ಎಂದು ನಂಬಿಸುವ ಚಿತ್ರಗಳು ಫೋನಿಗೆ ಬರುತ್ತಿವೆ. ಇಲ್ಲಿ ಕಾವಲುಗಾರರು ನಾವೇ. ಆದುದರಿಂದ ಮೂರು ಮಾತುಗಳನ್ನು ನೆನಪಿಡೋಣ.

ಒಂದು: ಫೋನಿಗೆ ಬಂದ ಸುದ್ದಿಯ ತುಣುಕನ್ನು ವಾಹಿನಿಯ ಸ್ವಂತ ಪ್ರಸಾರದಲ್ಲಿಯೂ ಮರುದಿನದ ಪತ್ರಿಕೆಯಲ್ಲಿಯೂ ತಾಳೆ ನೋಡಬೇಕು. ನಮ್ಮ ವಾಚನಾಲಯ ಇರುವುದು ಇದಕ್ಕಾಗಿಯೇ.

ಎರಡು: ನೆರೆ, ಗಲಭೆ, ಅಪಘಾತಗಳ ಸುದ್ದಿ ಬಂದರೆ ಹತ್ತು ಜನಕ್ಕೆ ಕಳುಹಿಸುವ ಮುನ್ನ ಊರಿಗೆ ಒಂದು ಕರೆ ಮಾಡಿ ಕೇಳಬೇಕು.

ಮೂರು: ಹಣ ಹೋಯಿತೆಂದು ತಿಳಿದೊಡನೆ ೧೯೩೦ ಎಂಬ ಸರಕಾರಿ ಸಂಖ್ಯೆಗೆ ಕರೆ ಮಾಡಬೇಕು. ನಾಚಿಕೆಯಿಂದ ತಡಮಾಡಿದಷ್ಟೂ ಹಣ ದೂರ ಹೋಗುತ್ತದೆ.

ಪಾಳಿಯ ಮೇಲೆ ಪಾಳಿ ದುಡಿದು ಉಳಿಸಿದ ಸಂಬಳ ನಮ್ಮದು. ಅದನ್ನು ಎದುರುನೋಡುತ್ತಿರುವ ಮನೆಯವರೂ ನಮ್ಮವರೇ. ಕೋಣೆಗೆ ಬೀಗ ಹಾಕಿ ಕೆಲಸಕ್ಕೆ ಹೊರಡುವಾಗ ಒಮ್ಮೆ ಎಳೆದು ನೋಡುತ್ತೇವಲ್ಲವೇ? ಪರದೆಯ ಮಾತನ್ನೂ ಹಾಗೆಯೇ ಒಮ್ಮೆ ಎಳೆದು ನೋಡುವ ಅಭ್ಯಾಸವನ್ನು ಮಾಡಿಕೊಳ್ಳೋಣ.